ಏಕಶಿಲಾಪಕ್ಷವೂ ಸೂಕ್ಷ್ಮಪಕ್ಷವೂ: ಗಣಕತಂತ್ರದ ಒಂದು ವಾದದ ವಿಮರ್ಶೆ

೧. ವಿಷಯ

ನ್ಯಾಯಶಾಸ್ತ್ರದಲ್ಲಿ ಕಥೆಯನ್ನು ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆಯಾಗಿ ವಿಭಾಗಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯತಕ್ಕುದು ವಾದ; ಜಯವನ್ನು ಉದ್ದೇಶಿಸಿ ಸ್ವಪಕ್ಷವನ್ನು ಸ್ಥಾಪಿಸತಕ್ಕುದು ಜಲ್ಪ; ಸ್ವಪಕ್ಷಸ್ಥಾಪನೆಯೆಂಬುದೇ ಇಲ್ಲದೆ ಪರಪಕ್ಷದ ಖಂಡನದಲ್ಲಿಯೇ ಮುಗಿಯತಕ್ಕುದು ವಿತಂಡೆ. ಈ ವಿಭಾಗವು ಪ್ರಾಚೀನಶಾಸ್ತ್ರಗಳಿಗೆ ಮಾತ್ರ ಸಲ್ಲುವುದೆಂದು ಭಾವಿಸಬೇಕಾಗಿಲ್ಲ. ಇಂದಿನ ಕಚೇರಿ, ಆಸ್ಪತ್ರೆ, ಬ್ಯಾಂಕುಗಳ ಕೆಲಸವೆಲ್ಲವೂ ಕಂಪ್ಯೂಟರನ್ನು ಆಶ್ರಯಿಸಿದೆ. ಅದರ ಒಳರಚನೆಯನ್ನು ಕುರಿತು ೧೯೯೨ರಲ್ಲಿ ನಡೆದ ಒಂದು ಪ್ರಸಿದ್ಧ ವಿವಾದದಲ್ಲಿಯೂ ಈ ಲಕ್ಷಣಗಳು ಸ್ಪಷ್ಟವಾಗಿ ಕಾಣಬರುತ್ತವೆ. ಗೆದ್ದವರಾರೆಂಬ ಪ್ರಶ್ನೆಗೆ ಲೋಕವು ಬಹುಬೇಗನೆ ಉತ್ತರವನ್ನು ಕೊಟ್ಟಿತು. ಆ ಗೆಲವಿನಿಂದ ಪೂರ್ವಪಕ್ಷದ ಆಕ್ಷೇಪವು ಪರಿಹೃತವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ವಿಚಾರಿಸತಕ್ಕುದು ಈ ಎರಡನೆಯ ಪ್ರಶ್ನೆಯನ್ನು.

೨. ಪರಿಭಾಷೆ

ವಾದವನ್ನು ತಿಳಿಯುವುದಕ್ಕೆ ಮೊದಲು ಎರಡು ಮೂರು ಸಂಜ್ಞೆಗಳನ್ನು ತಿಳಿಯುವುದು ಅವಶ್ಯಕ. ಪತ್ರವನ್ನು ಬರೆಯುವ, ಲೆಕ್ಕವನ್ನಿಡುವ, ಟಿಕೆಟನ್ನು ಕೊಡುವ ಪ್ರೋಗ್ರಾಮುಗಳು ಒಂದು ಕಡೆ. ಮೆಮೊರಿ, ಡಿಸ್ಕು, ಕೀಲಿಮಣೆ ಮೊದಲಾದ ಯಂತ್ರಾಂಗಗಳು ಇನ್ನೊಂದು ಕಡೆ. ಇವುಗಳ ನಡುವೆ ನಿಂತು ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು, ಎಷ್ಟು ಸ್ಥಳ ಸಲ್ಲಬೇಕೆಂಬುದನ್ನು ನಿಯಮಿಸುವುದು ಆಪರೇಟಿಂಗ್ ಸಿಸ್ಟಂ. ಅದರ ಒಳತಿರುಳಿಗೆ ಕರ್ನೆಲ್ ಎಂದು ಹೆಸರು. ಆ ಶಬ್ದಕ್ಕೆ ಕಾಳಿನ ತಿರುಳೆಂಬುದೇ ಮೂಲಾರ್ಥವಾದುದರಿಂದ ಸಂಜ್ಞೆಯು ಅನ್ವರ್ಥವಾಗಿಯೇ ಇದೆ.

ಯಂತ್ರದಲ್ಲಿ ಅಧಿಕಾರಭೇದವುಂಟು. ಸಾಮಾನ್ಯ ಪ್ರೋಗ್ರಾಮು ತನಗೆ ಕೊಟ್ಟ ಸ್ಥಳವನ್ನು ಮೀರಿ ಕೈಚಾಚಿದರೆ ಅದೊಂದನ್ನು ಮಾತ್ರ ನಿಲ್ಲಿಸಬಹುದು. ಉಳಿದ ಕೆಲಸಗಳು ನಡೆಯುತ್ತಲೇ ಇರುತ್ತವೆ. ಕರ್ನೆಲಾದರೋ ಸರ್ವಾಧಿಕಾರವುಳ್ಳದ್ದು, ಅದನ್ನು ತಡೆಯತಕ್ಕವರು ಯಾರೂ ಇಲ್ಲ. ಆದಕಾರಣ ಅದರೊಳಗೆ ದೋಷವು ಹುಟ್ಟಿದರೆ ಯಂತ್ರವೇ ನಿಂತುಹೋಗುವುದು. ಹೀಗಿರಲು ಕರ್ನೆಲಿನೊಳಗೆ ಏನೇನು ಇರಬೇಕೆಂಬುದೇ ವಿವಾದದ ಮೂಲ. ಕಡತಗಳ ವ್ಯವಸ್ಥೆ, ಜಾಲದ ವ್ಯವಹಾರ, ಯಂತ್ರಾಂಗಗಳನ್ನು ನಡೆಸುವ ಡ್ರೈವರುಗಳು ಇವೆಲ್ಲವೂ ಒಂದೇ ಕಲ್ಲಿನಲ್ಲಿ ಕಡೆದ ವಿಗ್ರಹದಂತೆ ಕರ್ನೆಲಿನೊಳಗೇ ಇರಬೇಕೆಂಬುದು ಏಕಶಿಲಾಪಕ್ಷ. ಅತ್ಯಾವಶ್ಯಕವಾದ ಕೆಲವನ್ನು ಮಾತ್ರ ಒಳಗಿಟ್ಟು ಮಿಕ್ಕವನ್ನೆಲ್ಲ ಸಾಮಾನ್ಯ ಪ್ರೋಗ್ರಾಮುಗಳಾಗಿ ಹೊರಗೆ ನಿಲ್ಲಿಸಬೇಕು, ಅವು ಒಂದಕ್ಕೊಂದು ಸಂದೇಶಗಳನ್ನು ಕಳುಹಿಸಿಕೊಂಡು ಕೆಲಸಮಾಡಬೇಕು ಎಂಬುದು ಸೂಕ್ಷ್ಮಪಕ್ಷ.

೩. ಪೂರ್ವಪಕ್ಷ

ಸೂಕ್ಷ್ಮಪಕ್ಷದ ಪ್ರತಿಪಾದಕರು ಆಮ್‌ಸ್ಟರ್‌ಡ್ಯಾಮಿನ ವ್ರೈಯೆ ವಿಶ್ವವಿದ್ಯಾನಿಲಯದಲ್ಲಿ ಆಗ ಅಧ್ಯಾಪಕರಾಗಿದ್ದ ಆಂಡ್ರೂ ಟ್ಯಾನೆನ್‌ಬಾಮ್ ಅವರು. ಅವರ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹುಟ್ಟಿದ್ದೇ ಪಾಠಪ್ರವಚನದ ಅವಶ್ಯಕತೆಯಿಂದ. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯು ತನ್ನ ಯೂನಿಕ್ಸಿನ ಏಳನೆಯ ಆವೃತ್ತಿಯನ್ನು ೧೯೭೯ರಲ್ಲಿ ಹೊರಡಿಸಿದಾಗ, ಅದರ ಮೂಲಪಾಠವನ್ನು ತರಗತಿಗಳಲ್ಲಿ ಬೋಧಿಸಕೂಡದೆಂದು ನಿರ್ಬಂಧಿಸಿತು. ಪಾಠವಿಲ್ಲದೆ ವ್ಯಾಖ್ಯಾನವೆಲ್ಲಿಯದು? ಆದುದರಿಂದ ಟ್ಯಾನೆನ್‌ಬಾಮ್ ಅವರು ಯೂನಿಕ್ಸಿನ ರೀತಿಯಲ್ಲಿಯೇ ನಡೆಯುವ ಚಿಕ್ಕ ತಂತ್ರವೊಂದನ್ನು ತಾವೇ ಹೊಸದಾಗಿ ರಚಿಸಿ, ೧೯೮೭ರಲ್ಲಿ ಪಠ್ಯಗ್ರಂಥದೊಡನೆ ಪ್ರಕಟಿಸಿದರು. ವಿದ್ಯಾರ್ಥಿಗಳು ಕೊಳ್ಳಬಲ್ಲ ಅಗ್ಗದ ಯಂತ್ರದಲ್ಲಿಯೂ ಅದು ನಡೆಯಬೇಕೆಂಬುದು ಅವರ ಉದ್ದೇಶವಾಗಿತ್ತು.

ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು ಆ ಗ್ರಂಥವನ್ನು ಓದಿ, ಮಿನಿಕ್ಸನ್ನು ಬಳಸಿ, ೧೯೯೧ರಲ್ಲಿ ತಮ್ಮದೇ ಆದ ಕರ್ನೆಲನ್ನು ರಚಿಸಿದರು. ಅದೇ ಲಿನಕ್ಸ್. ಅದನ್ನು ಅವರು ಏಕಶಿಲೆಯಾಗಿಯೇ ಕಟ್ಟಿದರು. ೧೯೯೨ನೆಯ ಇಸವಿ ಜನವರಿ ೨೯ರಂದು ಟ್ಯಾನೆನ್‌ಬಾಮ್ ಅವರು ಲಿನಕ್ಸಿನ ರಚನೆಯು ಗತಕಾಲದ್ದೆಂದು ಬಹಿರಂಗವಾಗಿಯೇ ಬರೆದರು. ಅವರ ಆಕ್ಷೇಪಗಳು ಎರಡು. ಏಕಶಿಲಾರಚನೆಗೆ ಮರಳುವುದು ವಿದ್ವಾಂಸರು ಆಗಲೇ ಬಿಟ್ಟುಬಿಟ್ಟಿದ್ದ ಹಳೆಯ ಮಾರ್ಗಕ್ಕೆ ಮರಳುವುದೆಂಬುದು ಒಂದು. ಇಂಟೆಲಿನ ಒಂದೇ ಜಾತಿಯ ಯಂತ್ರಕ್ಕೆ ಕರ್ನೆಲನ್ನು ಬಿಗಿದುಹಾಕಿದರೆ ಅದು ಬೇರೆ ಯಂತ್ರಗಳಿಗೆ ಒಗ್ಗುವುದಿಲ್ಲವೆಂಬುದು ಇನ್ನೊಂದು. ಇಂತಹ ರಚನೆಗೆ ತಮ್ಮ ತರಗತಿಯಲ್ಲಿ ಹೆಚ್ಚಿನ ಅಂಕಗಳು ದೊರೆಯುತ್ತಿರಲಿಲ್ಲವೆಂದೂ ಅವರು ಮರುದಿನ ಸೂಚಿಸಿದರು.

೪. ಉತ್ತರಪಕ್ಷ

ಆಗ ೨೨ ವರ್ಷದವರಾಗಿದ್ದ ಟೊರ್ವಾಲ್ಡ್ಸ್ ಅವರು ಅದೇ ದಿನವೇ ಕಟುವಾಗಿ ಉತ್ತರವನ್ನು ಕೊಟ್ಟರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ತತ್ತ್ವದೃಷ್ಟಿಯಿಂದ ಸೂಕ್ಷ್ಮಪಕ್ಷವೇ ಚೆನ್ನೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಅವರ ಸಮಾಧಾನವೆಲ್ಲ ಪ್ರಯೋಗವನ್ನು ಅವಲಂಬಿಸಿತ್ತು. ಮಿನಿಕ್ಸು ಲಕ್ಷಣದಲ್ಲಿ ಶುದ್ಧವಾಗಿದ್ದರೂ ಬಳಕೆಯಲ್ಲಿ ಅನೇಕ ನ್ಯೂನತೆಗಳುಳ್ಳದ್ದು. ಲಿನಕ್ಸು ಕೈಯಲ್ಲಿದೆ, ನಡೆಯುತ್ತಿದೆ, ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುತ್ತದೆ ಎಂಬುದು ಅದರ ಸಾರ. ಮರುದಿನ ಅವರು ತಮ್ಮ ಮಾತಿನ ಕಾಠಿನ್ಯಕ್ಕಾಗಿ ಕ್ಷಮೆ ಕೇಳಿದರು. ಜಲ್ಪವಾಗಿ ಮೊದಲಾದುದು ಆ ಕ್ಷಮಾಪಣೆಯಿಂದ ವಾದದ ಕಡೆಗೆ ತಿರುಗಿತೆನ್ನಬಹುದು. ಯೂನಿಕ್ಸಿನ ಮೂಲಕರ್ತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರೂ ಈ ಚರ್ಚೆಯಲ್ಲಿ ಭಾಗವಹಿಸಿ, ಮುಂದಿನ ಕಾಲವು ಪ್ರಾಯಶಃ ಸೂಕ್ಷ್ಮಪಕ್ಷದ್ದೇ ಆದರೂ ಏಕಶಿಲೆಯನ್ನು ಕಟ್ಟುವುದು ಸುಲಭವೆಂದೂ, ತಿದ್ದುತ್ತ ಹೋದಂತೆ ಅದು ಬೇಗನೆ ಅಸ್ತವ್ಯಸ್ತವಾಗುವುದೂ ಅಷ್ಟೇ ಸುಲಭವೆಂದೂ ಅಭಿಪ್ರಾಯಪಟ್ಟರು.

ಏಕಶಿಲಾಪಕ್ಷಕ್ಕೆ ಬಲವಾದ ಹೇತುವೊಂದಿತ್ತು, ಅದು ವೇಗ. ಒಂದೇ ಮನೆಯೊಳಗಿನವರು ಮಾತನಾಡಿಕೊಳ್ಳುವುದಕ್ಕೂ ಬೇರೆ ಬೇರೆ ಮನೆಗಳವರು ಆಳನ್ನು ಕಳುಹಿಸಿ ವರ್ತಮಾನವನ್ನು ತಿಳಿಯುವುದಕ್ಕೂ ಎಷ್ಟು ಅಂತರವೋ ಅಷ್ಟು ಅಂತರವು ಈ ಎರಡು ರಚನೆಗಳಿಗೂ ಉಂಟು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಮಾಕ್ ಎಂಬುದು ಆ ಕಾಲದಲ್ಲಿ ಸೂಕ್ಷ್ಮಪಕ್ಷದ ಮುಖ್ಯವಾದ ನಿದರ್ಶನ. ಅದರಲ್ಲಿ ಸಂದೇಶಪ್ರೇಷಣೆಯು ನಿಧಾನವಾಗಿದ್ದುದರಿಂದ ನಿಧಾನತೆಯು ಸೂಕ್ಷ್ಮಪಕ್ಷದ ಸ್ವಭಾವವೇ ಎಂಬ ನಂಬಿಕೆಯು ಬೇರೂರಿತು.

೫. ಎರಡು ಹೇತುಗಳ ಪರೀಕ್ಷೆ

ಲೋಕವು ಲಿನಕ್ಸನ್ನು ವರಿಸಿತು. ೧೯೯೨ರಲ್ಲಿಯೇ ಅದನ್ನು ಯಾರು ಬೇಕಾದರೂ ನಕಲುಮಾಡಿ ತಿದ್ದಿಕೊಳ್ಳಬಹುದಾದ ಜಿಪಿಎಲ್ ಎಂಬ ಪರವಾನಗಿಗೆ ಒಳಪಡಿಸಲಾಯಿತು. ಮಿನಿಕ್ಸಿಗೆ ಅಂತಹ ಸ್ವಾತಂತ್ರ್ಯವು ದೊರೆತುದು ೨೦೦೦ದಲ್ಲಿ. ಈ ಎಂಟು ವರ್ಷಗಳಲ್ಲಿ ಸಾವಿರಾರು ಕೈಗಳು ಲಿನಕ್ಸಿಗೆ ಸೇರಿದುವು. ೨೦೧೭ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ ೫೦೦ ಸೂಪರ್ ಕಂಪ್ಯೂಟರುಗಳ ಪಟ್ಟಿಯೆಲ್ಲವೂ ಅದನ್ನೇ ಆಶ್ರಯಿಸಿದೆ. ಆಂಡ್ರಾಯ್ಡ್ ಫೋನುಗಳ ಒಳಗಿನದೂ ಅದರ ಕರ್ನೆಲೇ.

ಆದರೆ ಈ ಜಯಕ್ಕೆ ಕಾರಣವಾದುದು ಸುಲಭತೆ, ವೇಗ, ಸ್ವಾತಂತ್ರ್ಯಗಳೇ ಹೊರತು ಪೂರ್ವಪಕ್ಷದ ಖಂಡನವಲ್ಲ. ಯಂತ್ರಾಂತರಕ್ಕೆ ಒಗ್ಗಬೇಕೆಂಬ ಎರಡನೆಯ ಆಕ್ಷೇಪವನ್ನು ಲಿನಕ್ಸಿನವರೇ ಅಂಗೀಕರಿಸಿದಂತಾಯಿತು. ೧೯೯೫ರ ಹೊತ್ತಿಗೆ ಆಲ್ಫಾ ಮೊದಲಾದ ಬೇರೆ ಜಾತಿಯ ಯಂತ್ರಗಳಿಗೂ ಅದನ್ನು ಹೊಂದಿಸಿದರು. ಇನ್ನು ವೇಗದ ವಿಷಯ. ಜರ್ಮನಿಯ ಯೋಖೆನ್ ಲೀಟ್ಕೆ ಅವರು ಕರ್ನೆಲನ್ನು ಮತ್ತಷ್ಟು ಚಿಕ್ಕದಾಗಿಸಿ, ಸಂದೇಶಪ್ರೇಷಣೆಯೊಂದನ್ನೇ ಲಕ್ಷ್ಯವಾಗಿಟ್ಟು ಮೊದಲಿನಿಂದ ಬರೆದು, ಮಾಕ್‌ಗಿಂತ ಸುಮಾರು ೨೦ ಪಟ್ಟು ವೇಗವನ್ನು ಸಾಧಿಸಬಹುದೆಂದು ೧೯೯೩ರಲ್ಲಿ ತೋರಿಸಿದರು. ಸಂದೇಶಕ್ಕೆ ತಗಲುವ ವೆಚ್ಚವು ಪೂರ್ತಿಯಾಗಿ ಹೋಗಲಿಲ್ಲ. ಆದರೂ ಆ ಮಟ್ಟದ ನಿಧಾನತೆಯು ಮಾಕ್ ಎಂಬ ವ್ಯಕ್ತಿಯ ದೋಷವೇ ಹೊರತು ಜಾತಿಯ ದೋಷವಲ್ಲವೆಂದು ಇದರಿಂದ ಸಿದ್ಧವಾಯಿತು.

ಅಂದಮೇಲೆ ಫಲಿತಾರ್ಥವು ವಿಚಿತ್ರವಾಗಿದೆ. ಗೆದ್ದ ಪಕ್ಷದ ಬಲವಾದ ಹೇತುವು ಒಂದೇ ವರ್ಷದಲ್ಲಿ ಬಹುಮಟ್ಟಿಗೆ ಶಿಥಿಲವಾಯಿತು. ಸೋತ ಪಕ್ಷದ ಮುಖ್ಯಹೇತು, ಎಂದರೆ ಒಂದು ಅಂಗದ ದೋಷವು ಸರ್ವಾಂಗಕ್ಕೆ ಹರಡಬಾರದೆಂಬುದು, ಖಂಡಿತವಾಗದೆ ಹಾಗೆಯೇ ಉಳಿಯಿತು. ಬಾಧಿತವಾದ ಹೇತುವೂ ಉಪೇಕ್ಷಿತವಾದ ಹೇತುವೂ ಒಂದೇ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

೬. ದೃಷ್ಟಾಂತ

ಉಪೇಕ್ಷಿತವಾದ ಹೇತುವು ಮತ್ತೆ ತಲೆಯೆತ್ತಿದುದು ೨೦೨೪ನೆಯ ಇಸವಿ ಜುಲೈ ೧೯ರಂದು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾಪ್ರೋಗ್ರಾಮು ವಿಂಡೋಸ್ ಯಂತ್ರಗಳಲ್ಲಿ ಕರ್ನೆಲಿನ ಅಧಿಕಾರದೊಡನೆ ನಡೆಯುತ್ತಿತ್ತು. ವಿಂಡೋಸಿನ ಕರ್ನೆಲು ಶುದ್ಧವಾದ ಏಕಶಿಲೆಯಲ್ಲ, ಮಿಶ್ರರಚನೆಯೆಂದು ಹೇಳುವ ವಾಡಿಕೆಯುಂಟು. ಆದರೂ ಇಂತಹ ಡ್ರೈವರುಗಳು ಅದರ ಒಳಗೇ ನಡೆಯುವುದರಿಂದ ಪ್ರಕೃತಕ್ಕೆ ಭೇದವಿಲ್ಲ. ಆ ದಿನ ಕಳುಹಿಸಿದ ಹೊಸ ಕಡತವೊಂದರ ದೆಸೆಯಿಂದ ಆ ಪ್ರೋಗ್ರಾಮು ೨೦ ಅಂಶಗಳು ಮಾತ್ರ ಇದ್ದೆಡೆಯಲ್ಲಿ ೨೧ನೆಯದನ್ನು ಓದಲು ಹೋಗಿ, ತನ್ನದಲ್ಲದ ಸ್ಥಳವನ್ನು ಮುಟ್ಟಿತು. ಪಾದದಲ್ಲಿ ಒಂದಕ್ಷರ ತಪ್ಪಿದರೆ ಪದ್ಯವೊಂದು ಕೆಡುವುದು; ಇಲ್ಲಿ ಒಂದಂಶ ತಪ್ಪಿದುದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ೮೫ ಲಕ್ಷ ಯಂತ್ರಗಳು ನಿಂತುವು.

ಕಡತವನ್ನು ಒಂದೂವರೆ ಗಂಟೆಯೊಳಗಾಗಿ ಹಿಂದಕ್ಕೆ ತೆಗೆದುಕೊಂಡರೂ, ನಿಂತ ಯಂತ್ರಗಳಲ್ಲಿ ಬಹುಪಾಲನ್ನು ಒಬ್ಬೊಬ್ಬರು ಹೋಗಿ ಕೈಯಾರೆ ಸರಿಪಡಿಸಬೇಕಾದುದರಿಂದ ಕೆಲಸವು ದಿನಗಟ್ಟಲೆ ಹಿಡಿಯಿತು. ಅನೇಕ ದೇಶಗಳಲ್ಲಿ ಆಸ್ಪತ್ರೆ, ಬ್ಯಾಂಕು, ವಿಮಾನನಿಲ್ದಾಣಗಳ ವ್ಯವಹಾರವು ಕೆಟ್ಟಿತು. ಭಾರತದಲ್ಲಿ ಬೆಂಗಳೂರು, ಹೈದರಾಬಾದು, ದೆಹಲಿ ಮೊದಲಾದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರು ಗಂಟೆಗಟ್ಟಲೆ ನಿಲ್ಲಬೇಕಾಯಿತು. ಕೆಲವೆಡೆ ಸಿಬ್ಬಂದಿಯವರು ಬೋರ್ಡಿಂಗ್ ಪಾಸುಗಳನ್ನು ಕೈಯಿಂದಲೇ ಬರೆದುಕೊಟ್ಟರು. ಕರ್ನೆಲ್ ಎಂಬ ಹೆಸರನ್ನೇ ಕೇಳದಿದ್ದ ಗುಮಾಸ್ತರೂ ದಾದಿಯರೂ ಈ ಶಾಸ್ತ್ರವಿವಾದದ ಫಲವನ್ನು ಅಂದು ಅನುಭವಿಸಿದರು.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ರಕ್ಷಣಾಪ್ರೋಗ್ರಾಮು ಹೊರಗಿದ್ದಿದ್ದರೂ ಅದು ಕೆಟ್ಟು ಕೆಲಸಕ್ಕೆ ವಿಘ್ನವಾಗುತ್ತಿರಲಿಲ್ಲವೇ? ಆಗುತ್ತಿತ್ತು, ದೋಷವೇ ಹುಟ್ಟದಂತೆ ಮಾಡುವ ರಚನೆಯು ಯಾವುದೂ ಇಲ್ಲ. ಆದರೆ ಹೊರಗಿನ ಪ್ರೋಗ್ರಾಮು ಬಿದ್ದರೆ ಯಂತ್ರವು ಅದನ್ನು ಮತ್ತೆ ಎಬ್ಬಿಸಬಹುದು; ಒಳಗಿನದು ಬಿದ್ದರೆ ಎಬ್ಬಿಸತಕ್ಕುದೇ ಇರುವುದಿಲ್ಲ. ಈ ಭೇದವನ್ನು ಮೈಕ್ರೋಸಾಫ್ಟಿನವರೂ ಮನಗಂಡು, ಅದೇ ವರ್ಷದ ನವೆಂಬರಿನಲ್ಲಿ, ಇಂತಹ ಪ್ರೋಗ್ರಾಮುಗಳು ಕರ್ನೆಲಿನ ಹೊರಗೆ ನಡೆಯುವಂತೆ ಏರ್ಪಾಡು ಮಾಡುವುದಾಗಿ ಪ್ರಕಟಿಸಿದರು.

ಹಾಗಾದರೆ ಎಲ್ಲವನ್ನೂ ಸೂಕ್ಷ್ಮಪಕ್ಷದಂತೆ ಏಕೆ ಹೊಸದಾಗಿ ಬರೆಯಬಾರದೆಂದರೆ, ಅದು ಸುಲಭಸಾಧ್ಯವಲ್ಲ. ಲಿನಕ್ಸಿನ ಪಾಠವು ಮೂರು ಕೋಟಿ ಪಂಕ್ತಿಗಳನ್ನು ಮೀರಿದೆ. ಅದರಲ್ಲಿ ಬಹುಭಾಗ ಡ್ರೈವರುಗಳೇ. ಇದಕ್ಕೆ ಎದುರಾಗಿ, ಆಸ್ಟ್ರೇಲಿಯದಲ್ಲಿ ರಚಿತವಾದ ಎಸ್‌ಇಎಲ್‌೪ ಎಂಬ ಸೂಕ್ಷ್ಮಕರ್ನೆಲಿನ ಪಾಠವು ಸುಮಾರು ೮,೭೦೦ ಪಂಕ್ತಿಗಳದು. ಅದು ತನ್ನ ಲಕ್ಷಣವಾಕ್ಯವನ್ನು ಎಲ್ಲಿಯೂ ಮೀರುವುದಿಲ್ಲವೆಂದು ೨೦೦೯ರಲ್ಲಿ ಗಣಿತರೀತಿಯಿಂದ ಸಾಧಿಸಲಾಯಿತು. ಚಿಕ್ಕದಾದುದನ್ನು ಮಾತ್ರ ಹೀಗೆ ಸಾದ್ಯಂತವಾಗಿ ಸಾಧಿಸಬಹುದು. ಮಿನಿಕ್ಸಾದರೂ ಅಳಿದುಹೋಗಲಿಲ್ಲ. ಇಂಟೆಲ್ ಸಂಸ್ಥೆಯು ೨೦೧೫ರಿಂದ ತನ್ನ ಚಿಪ್ಪುಗಳೊಳಗಿನ ನಿರ್ವಹಣಾವಿಭಾಗದಲ್ಲಿ ಅದನ್ನೇ ಅಡಗಿಸಿಟ್ಟಿದ್ದ ಸಂಗತಿಯು ೨೦೧೭ರಲ್ಲಿ ಎಲ್ಲರಿಗೂ ತಿಳಿಯಿತು.

೭. ನಿರ್ಣಯ

ಲಕ್ಷಣವನ್ನು ಪ್ರಧಾನವಾಗಿಟ್ಟವರು ಟ್ಯಾನೆನ್‌ಬಾಮ್. ಪ್ರಯೋಗವನ್ನು ಪ್ರಧಾನವಾಗಿಟ್ಟವರು ಟೊರ್ವಾಲ್ಡ್ಸ್. ವೈಯಾಕರಣರಿಗೆ ಈ ಜಗಳವು ಹೊಸದಲ್ಲ. ಪ್ರಯೋಗವನ್ನು ಬಿಟ್ಟ ಲಕ್ಷಣವು ಬರಿಯ ಕಲ್ಪನೆ. ಲಕ್ಷಣವನ್ನು ಬಿಟ್ಟ ಪ್ರಯೋಗವು ಅವ್ಯವಸ್ಥೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿದೊಡನೆ ಪೂರ್ವಕವಿಗಳ ಪ್ರಯೋಗಗಳನ್ನು ತೋರಿಸುವುದು ಎರಡೂ ಬೇಕೆಂಬುದರಿಂದಲೇ. ಯಂತ್ರತಂತ್ರದಲ್ಲಿ ಪ್ರಯೋಗವು ಮುಂದೆ ಓಡಿತು. ಲಕ್ಷಣವು ಮೂವತ್ತೆರಡು ವರ್ಷಗಳ ಮೇಲೆ ಅದನ್ನು ಬಂದು ಕೂಡಿತು.

ಶಾಸ್ತ್ರಕಾರರು ತಾವು ಖಂಡಿಸುವ ಪೂರ್ವಪಕ್ಷವನ್ನೂ ಪೂರ್ಣವಾಗಿ ಬರೆದಿಡುತ್ತಿದ್ದರು. ಎಷ್ಟೋ ಲುಪ್ತಗ್ರಂಥಗಳ ಮತಗಳು ಇಂದು ಪ್ರತಿವಾದಿಗಳ ಗ್ರಂಥಗಳಿಂದಲೇ ತಿಳಿದುಬರುತ್ತವೆ. ೧೯೯೨ರ ಈ ವಾದವೂ ಅದೃಷ್ಟವಶಾತ್ ಉಳಿದುಕೊಂಡಿತು. ೧೯೯೯ರಲ್ಲಿ, ಲಿನಕ್ಸಿನಂತಹ ಮುಕ್ತತಂತ್ರಗಳನ್ನು ಕುರಿತ ಒಂದು ಪ್ರಬಂಧಸಂಗ್ರಹದಲ್ಲಿಯೇ ಅದನ್ನು ಅನುಬಂಧವಾಗಿ ಮುದ್ರಿಸಿದರು. ಗೆದ್ದವರ ಗ್ರಂಥದಲ್ಲಿ ಸೋತವರ ಮಾತಿಗೆ ಸ್ಥಳ ದೊರೆತುದರಿಂದ, ಜುಲೈ ೧೯ರ ಅನರ್ಥವು ಸಂಭವಿಸಿದಾಗ ಅದರ ಕಾರಣವನ್ನು ಹೊಸದಾಗಿ ಹುಡುಕಬೇಕಾಗಲಿಲ್ಲ. ಹಳೆಯ ಪುಟವನ್ನು ತಿರುವಿದರೆ ಸಾಕಾಗಿತ್ತು.