ಬಾಕ್ಸಿನಲ್ಲಿ ನಾಲ್ಕು ತೂತು ಇದ್ದರೂ ಗೋಡೇಲಿರೋದು ಒಂದೇ ಸಾಕೆಟ್ಟು!

ಬೆಳಗ್ಗೆ ಕರೆಂಟು ಬಂದ ಕೂಡಲೇ ಎಲ್ಲಾ ಕೆಲಸ ಒಟ್ಟಿಗೇ ಶುರು. ಗೋಡೆಯ ಸಾಕೆಟ್ಟಿಗೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಮೊಬೈಲು, ಟಿವಿ, ಮಿಕ್ಸಿ, ನೀರು ಕಾಯಿಸೋ ಕಾಯಿಲ್ ಎಲ್ಲವನ್ನೂ ಅದಕ್ಕೇ ಜೋಡಿಸ್ತೀವಿ. ಆದರೆ ತೂತು ಹೆಚ್ಚಾದ ಮಾತ್ರಕ್ಕೆ ಭಾರ ಹೊರೋ ಶಕ್ತಿ ಹೆಚ್ಚಾಗಲ್ಲ. ಅಷ್ಟೂ ಕರೆಂಟು ಹರಿಯೋದು ಗೋಡೆಯ ಆ ಒಂದೇ ಸಾಕೆಟ್ಟಿನಿಂದ.

ಲೆಕ್ಕ ಹಾಕೋದು ಹೇಗೆ?

ನಮ್ಮ ಮನೆಗಳಿಗೆ ಬರೋದು 230 ವೋಲ್ಟ್. ಸಾಕೆಟ್ಟು 6 ಆಂಪಿನದಾದರೆ 230 × 6 = 1,380 ವ್ಯಾಟ್ ಅದರ ಮಿತಿ. ದೊಡ್ಡ ತೂತಿನ 16 ಆಂಪ್ ಸಾಕೆಟ್ಟಾದರೆ 3,680 ವ್ಯಾಟ್. ಸಾಕೆಟ್ಟು, ಬಾಕ್ಸು, ವೈರು ಈ ಮೂರರಲ್ಲಿ ಯಾವುದರ ಮಿತಿ ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹೆಚ್ಚಿನ ಸಾಮಾನುಗಳ ಮೇಲೆ ವ್ಯಾಟ್ ಬರೆದಿರುತ್ತೆ. ಫೋನಿನ ಕ್ಯಾಲ್ಕುಲೇಟರ್ ತೆಗೆದು ಕೂಡಿ ನೋಡಿ. ಚಾರ್ಜರ್ 20, ಟಿವಿ 60, ಮಿಕ್ಸಿ 750 ಅಂದರೆ ಒಟ್ಟು 830 ವ್ಯಾಟ್. 6 ಆಂಪ್ ಸಾಕೆಟ್ಟು ತಡೆಯುತ್ತೆ. ಇದರ ಜೊತೆ 1,500 ವ್ಯಾಟಿನ ಕಾಯಿಲ್ ಹಾಕಿದರೆ 2,330 ವ್ಯಾಟ್, ಅಂದರೆ 10 ಆಂಪಿಗೂ ಹೆಚ್ಚು!

ವೈರಿನಲ್ಲಿ ಕರೆಂಟು ಎರಡು ಪಟ್ಟಾದರೆ ಹುಟ್ಟೋ ಬಿಸಿ ನಾಲ್ಕು ಪಟ್ಟು. ಸುಟ್ಟ ವಾಸನೆ ಮೂಗಿಗೆ ಬರೋ ಹೊತ್ತಿಗೆ ಪ್ಲಾಸ್ಟಿಕ್ ಕರಗಲು ಶುರುವಾಗಿರುತ್ತೆ. ಪಕ್ಕದಲ್ಲಿ ಒಣಹುಲ್ಲೋ ಗೋಣಿಚೀಲವೋ ಇದ್ದರೆ ಕೇಳೋದೇ ಬೇಡ.

ಇಷ್ಟು ಪಾಲಿಸಿ

- ಕಾಯಿಲ್, ಇಂಡಕ್ಷನ್ ಸ್ಟವ್ ನೇರವಾಗಿ ಗೋಡೆಯ 16 ಆಂಪ್ ಸಾಕೆಟ್ಟಿಗೆ ಹಾಕಿ. ಒಂದು ಸಲಕ್ಕೆ ಒಂದೇ.
- ಮೋಟಾರು ಶುರುವಾಗುವಾಗ ಕರೆಂಟು ಹಲವು ಪಟ್ಟು ಎಳೆಯುತ್ತೆ. ಫ್ರಿಜ್ಜಿಗೆ ಬೇರೆ ಸಾಕೆಟ್ಟು, ಮೇವು ಕತ್ತರಿಸೋ ಯಂತ್ರಕ್ಕೆ ಬೇರೆ ಲೈನೇ ಇರಲಿ.
- ಬಾಕ್ಸಿಗೆ ಇನ್ನೊಂದು ಬಾಕ್ಸ್ ಸಿಕ್ಕಿಸಬೇಡಿ. ವೈರನ್ನು ಸುರುಳಿ ಸುತ್ತಿಟ್ಟು ಬಳಸಬೇಡಿ, ಬಿಸಿ ಹೊರಗೆ ಹೋಗಲ್ಲ.
- ಫ್ಯೂಸ್ ಹೋಯ್ತು ಅಂತ ದಪ್ಪ ತಂತಿ ಕಟ್ಟಬೇಡಿ. ಫ್ಯೂಸ್ ಸುಟ್ಟಿದ್ದು ಮನೆ ಸುಡಬಾರದು ಅಂತಲೇ.
- ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಅರ್ಥ್ ಪಿನ್ ಮುರಿಯಬೇಡಿ. 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದರೆ ಶಾಕ್ ಹೊಡೆದು ಕರೆಂಟು ನೆಲಕ್ಕೆ ಹರಿದಾಗ ತಾನೇ ಕಡಿದುಹೋಗುತ್ತೆ, ಜೀವ ಉಳಿಯೋ ಸಾಧ್ಯತೆ ಹೆಚ್ಚು.

ಅಕಸ್ಮಾತ್ ಬೆಂಕಿ ಕಂಡರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ನೀರು ಸುರಿಯಬೇಡಿ, ಒಣ ಮರಳು ಹಾಕಿ.

ಇವತ್ತೇ ಒಂದು ಪರೀಕ್ಷೆ ಮಾಡಿ. ಎಂದಿನ ಹಾಗೆ ಅರ್ಧ ಗಂಟೆ ಬಳಸಿ, ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಿಂದ ಪ್ಲಗ್ಗಿನ ಹೊರಭಾಗ ಮುಟ್ಟಿ ನೋಡಿ. ಬಿಸಿ ಇದ್ದರೆ ಭಾರ ಇಳಿಸಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.