ಮರೆವಿಗೆ ಸತು ಮದ್ದೇ?

ಕೋವಿಡ್ ಕಾಲದಲ್ಲಿ ಸತುವಿನ ಮಾತ್ರೆ, ಅಂದರೆ ಜಿಂಕ್ ಮಾತ್ರೆ, ಎಷ್ಟೋ ಮನೆಗಳ ಔಷಧದ ಡಬ್ಬಿ ಸೇರಿತು. ಸೋಂಕು ಹೋದರೂ ಮಾತ್ರೆ ಹೋಗಲಿಲ್ಲ. ‘ಜ್ಞಾಪಕಶಕ್ತಿಗೂ ಒಳ್ಳೆಯದಂತೆ’ ಎಂದು ಹಿರಿಯರು ಅದನ್ನು ನುಂಗುತ್ತಲೇ ಇದ್ದಾರೆ. ಈ ಮಾತು ಪೂರ್ತಿ ಸುಳ್ಳಲ್ಲ, ಮಿದುಳಿಗೆ ಸತು ಬೇಕೇ ಬೇಕು. ಆದರೆ ಆಲ್‌ಝೈಮರ್ ಕಾಯಿಲೆಯಲ್ಲಿ ಯಾವ ಯಾವ ಲೋಹಗಳ ಕೈವಾಡವಿದೆ ಎಂದು ಹುಡುಕಿದವರು ಬೊಟ್ಟು ಮಾಡಿದ್ದೂ ಇದೇ ಸತುವಿನ ಕಡೆಗೆ.

ವಯಸ್ಕರ ಇಡೀ ಮೈಯಲ್ಲಿ ಇರುವ ಸತು ಎರಡು-ಮೂರು ಗ್ರಾಂ ಮಾತ್ರ. ಇಷ್ಟನ್ನೇ ನೆಚ್ಚಿಕೊಂಡು ಮುನ್ನೂರಕ್ಕೂ ಹೆಚ್ಚು ಕಿಣ್ವಗಳು ಕೆಲಸ ಮಾಡುತ್ತವೆ. ಮಿದುಳಿನ ಸತುವಿನಲ್ಲಿ ಬಹುಪಾಲು ಪ್ರೋಟೀನುಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಉಳಿದ ಚೂರುಪಾರಿನ ಕಥೆ ಬೇರೆ. 1955ರಲ್ಲಿ ಜರ್ಮನಿಯ ಮಾಸ್ಕೆ ಎಂಬ ವಿಜ್ಞಾನಿ ಸತುವನ್ನು ತೋರಿಸಿಕೊಡುವ ಡೈಥೈಝೋನ್ ಎಂಬ ಬಣ್ಣವನ್ನು ಬಳಸಿದಾಗ, ಮಿದುಳಿನ ಹಿಪೊಕ್ಯಾಂಪಸ್ ಭಾಗ ಕೆಂಪಗಾಯಿತು. ಹೊಸ ನೆನಪುಗಳು ರೂಪುಗೊಳ್ಳಲು ಬೇಕಾದ ಜಾಗ ಅದು. ಆಲ್‌ಝೈಮರ್ ಮೊದಮೊದಲು ಹಾಳುಗೆಡಹುವ ಜಾಗಗಳಲ್ಲೂ ಒಂದು.

ಅಲ್ಲಿನ ನರಕೋಶಗಳ ತುದಿಯಲ್ಲಿ ಸಣ್ಣ ಸಣ್ಣ ಕೋಶಿಕೆಗಳಿವೆ. ಅವುಗಳೊಳಗೆ ಗ್ಲುಟಮೇಟ್ ಎಂಬ ರಾಸಾಯನಿಕದ ಜೊತೆ ಸತುವೂ ತುಂಬಿರುತ್ತದೆ. ತುಂಬಿಸುವುದು ಜಿಂಕ್ ಟ್ರಾನ್ಸ್‌ಪೋರ್ಟರ್-3 ಎಂಬ ವಾಹಕ ಪ್ರೋಟೀನಿನ ಕೆಲಸ. ನರಕೋಶ ಸಂದೇಶ ಕಳಿಸುವಾಗ ಎರಡೂ ಒಟ್ಟಿಗೆ ಹೊರಬೀಳುತ್ತವೆ. ಗ್ಲುಟಮೇಟ್ ಮುಂದಿನ ಕೋಶವನ್ನು ಕೆರಳಿಸಿದರೆ, ಆ ಕೆರಳಿಕೆ ಮಿತಿಮೀರದಂತೆ ಸತು ತಡೆಯುತ್ತದೆ. ಕೆಲಸ ಮುಗಿದೊಡನೆ ಅದನ್ನು ಮತ್ತೆ ಒಳಗೆಳೆದುಕೊಳ್ಳಬೇಕು. ವಯಸ್ಸಾದ ಮಿದುಳು ಎಡವುವುದು ಈ ಲೇವಾದೇವಿಯಲ್ಲಿ.

1994ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆಶ್ಲಿ ಬುಷ್ ಮತ್ತು ರುಡಾಲ್ಫ್ ಟಾನ್ಜಿ ತಂಡ ಪ್ರಯೋಗನಳಿಕೆಯಲ್ಲಿ ಬೀಟಾ ಅಮೈಲಾಯ್ಡ್ ಪ್ರೋಟೀನಿಗೆ ಸತು ಬೆರೆಸಿ ನೋಡಿತು. ಹಾಲಿಗೆ ನಿಂಬೆರಸ ಬಿದ್ದ ಹಾಗೆ ಪ್ರೋಟೀನು ಒಡೆದು ಮುದ್ದೆಗಟ್ಟಿತು. ಆಲ್‌ಝೈಮರ್ ರೋಗಿಗಳ ಮಿದುಳಲ್ಲಿ ಕಾಣುವ ‘ಪ್ಲಾಕ್’ ಎಂಬ ಗಂಟುಗಳು ಇದೇ ಪ್ರೋಟೀನಿನವು. ಗಂಟುಗಳ ಒಳಗೂ ಸತು ಧಾರಾಳವಾಗಿ ಸಿಕ್ಕಿದೆ. 2002ರಲ್ಲಿ ಇನ್ನೊಂದು ತಂಡ, ಇಂಥ ಗಂಟು ಬೆಳೆಯುವ ಇಲಿಗಳಲ್ಲಿ ಆ ವಾಹಕದ ಜೀನನ್ನೇ ತೆಗೆದುಹಾಕಿತು. ಗಂಟುಗಳು ಕಡಿಮೆಯಾದವು.

ಹಾಗಾದರೆ ಸತುವೇ ಖಳನಾಯಕ ಎಂದು ತೀರ್ಮಾನಿಸುವ ಹಾಗಿಲ್ಲ. 2010ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಅಮೈಲಾಯ್ಡ್ ಕಾಟವಿಲ್ಲದ ಇಲಿಗಳಿಂದ ಅದೇ ಜೀನನ್ನು ತೆಗೆದಿದ್ದರು. ಮೂರು ತಿಂಗಳ ಪ್ರಾಯದಲ್ಲಿ ಅವು ಚುರುಕಾಗಿಯೇ ಇದ್ದವು; ಆರು ತಿಂಗಳಾಗುವಷ್ಟರಲ್ಲಿ ಕಲಿಕೆಯೂ ನೆನಪೂ ಕುಗ್ಗಿದ್ದವು. ಮನುಷ್ಯರಲ್ಲೂ ವಯಸ್ಸಾದಂತೆ ಈ ವಾಹಕ ಕಡಿಮೆಯಾಗುತ್ತದೆ, ಆಲ್‌ಝೈಮರ್‌ನಲ್ಲಿ ಇನ್ನಷ್ಟು. ಸಾಲದ್ದಕ್ಕೆ, ಅಮೈಲಾಯ್ಡನ್ನು ಕತ್ತರಿಸಿ ವಿಲೇವಾರಿ ಮಾಡುವ ನೆಪ್ರಿಲೈಸಿನ್ ಎಂಬ ಕಿಣ್ವಕ್ಕೂ ಸತು ಇಲ್ಲದೆ ಕೈಯಾಡದು. ಗಂಟು ಕಟ್ಟುವುದೂ ಸತು, ಗಂಟು ಕಟ್ಟದಂತೆ ಕಾಯುವ ಕಿಣ್ವದ ಬಲವೂ ಸತು. ಗಂಟುಗಳಲ್ಲಿ ಸಿಕ್ಕಿಬಿದ್ದ ಸತು ನರಕೋಶದ ಉಪಯೋಗಕ್ಕೆ ಬಾರದು. ಮಿದುಳಲ್ಲಿ ಒಟ್ಟು ಎಷ್ಟು ಸತು ಇದೆ ಎಂಬುದಕ್ಕಿಂತ, ಅದು ಎಲ್ಲಿ ಕೂತಿದೆ ಎಂಬುದೇ ಇಲ್ಲಿ ಮುಖ್ಯ.

ಗಂಟಿನಿಂದ ಲೋಹವನ್ನು ಬಿಡಿಸಿ ನರಕೋಶಕ್ಕೆ ಮರಳಿಸಲು ಸಾಧ್ಯವೇ? ಹೊಟ್ಟೆ ಕೆಟ್ಟಾಗ ಹಿಂದೆ ಕೊಡುತ್ತಿದ್ದ ಕ್ಲಿಯೊಕ್ವಿನಾಲ್‌ಗೆ ಲೋಹ ಹಿಡಿಯುವ ಗುಣವಿದೆ. ನರಗಳಿಗೆ ಹಾನಿ ಮಾಡಿತೆಂದು ಜಪಾನು 1970ರಲ್ಲಿ ಅದರ ಮಾರಾಟ ನಿಲ್ಲಿಸಿತ್ತು. ಅದೇ ಬಳಗದ ಪಿಬಿಟಿ-2 ಎಂಬ ಹೊಸ ಔಷಧವನ್ನು ಮೆಲ್ಬರ್ನ್‌ನ ಕಂಪನಿಯೊಂದು ರೂಪಿಸಿತು. ಇಲಿಗಳಲ್ಲಿ ಭರವಸೆ ಮೂಡಿಸಿದ ಅದು, 2014ರ ಪರೀಕ್ಷೆಯಲ್ಲಿ ರೋಗಿಗಳ ಅಮೈಲಾಯ್ಡನ್ನು ನಕಲಿ ಮಾತ್ರೆಗಿಂತ ಹೆಚ್ಚೇನೂ ಇಳಿಸಲಿಲ್ಲ.

ಮಾತ್ರೆಯಾಗಿ ನುಂಗುವ ಸತುವಿನ ಫಲವೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದಲ್ಲಿ ಕಣ್ಣಿನ ಕಾಯಿಲೆಗಾಗಿ ಹಿರಿಯರಿಗೆ ದಿನಕ್ಕೆ 80 ಮಿಲಿಗ್ರಾಂ ಸತುವನ್ನು ವರ್ಷಗಟ್ಟಲೆ ಕೊಟ್ಟ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿದ್ದವರ ನೆನಪು, ಯೋಚನಾಶಕ್ತಿಗಳನ್ನೂ ಅಳೆದು 2004ರಲ್ಲಿ ವರದಿ ಮಾಡಿದರು. ಸತು ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವಿರಲಿಲ್ಲ.

ಕೊರತೆಯೂ ಒಳ್ಳೆಯದಲ್ಲ. ಸತುವಿನ ಕೊರತೆಯಿಂದ ಮನುಷ್ಯರಿಗೆ ಕಾಯಿಲೆ ಬರುತ್ತದೆಂದು ತೋರಿಸಿಕೊಟ್ಟವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. 1960ರ ಆಸುಪಾಸಿನಲ್ಲಿ ಇರಾನಿನ ಶಿರಾಜ್‌ನಲ್ಲಿ, ಹುದುಗು ಬರಿಸದ ರೊಟ್ಟಿಯನ್ನೇ ತಿಂದು ಬೆಳವಣಿಗೆ ಕುಂಠಿತವಾದ ಯುವಕರನ್ನು ಅವರು ಕಂಡಿದ್ದರು. ಕಾಳುಗಳಲ್ಲಿರುವ ಫೈಟೇಟ್ ಸತುವನ್ನು ಕರುಳಿನಲ್ಲೇ ಹಿಡಿದಿಟ್ಟುಬಿಡುತ್ತದೆ. ಇದಕ್ಕೆ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಇಡ್ಲಿ, ದೋಸೆಯ ಹಿಟ್ಟು ಹುದುಗಿದರೆ ಸತು ಮೈಗೆ ಹೆಚ್ಚು ದಕ್ಕುವ ಹಾಗಾಗುತ್ತದೆ, ಕಾಳಿನ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿದರೂ ಅಷ್ಟೇ ಎಂದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ಗಂಡಸರಿಗೆ ದಿನಕ್ಕೆ 17, ಹೆಂಗಸರಿಗೆ 13.2 ಮಿಲಿಗ್ರಾಂ ಸತು ಬೇಕು. ಬೇಳೆಕಾಳು, ಎಳ್ಳು, ಕಡಲೆಕಾಯಿ, ಮೊಟ್ಟೆ, ಮಾಂಸ ಇದಕ್ಕೆ ನೆರವಾಗುತ್ತವೆ. ಹಸಿವು ಇಂಗಿದ, ಹಲ್ಲು ಬಿದ್ದ ಹಿರಿಯರ ತಟ್ಟೆಯನ್ನು ಮನೆಯವರು ಗಮನಿಸಬೇಕು.

ಅತಿಯಾದರೆ ಅಪಾಯ ಬೇರೆಯೇ. ಹೆಚ್ಚಿದ ಸತು ಕರುಳಿನಲ್ಲಿ ತಾಮ್ರವನ್ನು ಹೀರಲು ಬಿಡದು. ತಾಮ್ರ ಇಳಿದರೆ ರಕ್ತಹೀನತೆ ಬರುತ್ತದೆ, ಬೆನ್ನುಹುರಿ ಸೊರಗಿ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಕಟ್ಟಿಸಿದ ಹಲ್ಲು ಕೂರಿಸಲು ಸತು ಬೆರೆತ ಅಂಟನ್ನು ವರ್ಷಗಟ್ಟಲೆ ವಿಪರೀತ ಬಳಸಿದ ಅಮೆರಿಕದ ಕೆಲವರಿಗೆ ಹೀಗೇ ಆಗಿತ್ತು.

ಆದ್ದರಿಂದ ಮನೆಯ ಹಿರಿಯರಿಗೆ ಮರೆವು ಕಂಡರೆ ಸತುವಿನ ಮಾತ್ರೆ ತಂದು ಸಮಾಧಾನ ಪಡಬೇಡಿ. ಮೊದಲು ವೈದ್ಯರ ಬಳಿ ಕರೆದೊಯ್ದು ಬಿ-12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಆ ಕೊರತೆಗಳಿಂದ ಬಂದ ಮರೆವನ್ನು ಬೇಗ ಗುರುತಿಸಿದರೆ ಚಿಕಿತ್ಸೆ ಇದೆ.