ಬಿರುಗಾಳಿಯ ದಾರಿ ಕಾಯುವ ಊರು

ಭೂಕಂಪವು ಹೇಳಿ ಬರುವುದಿಲ್ಲ. ಬೆಂಕಿಯೂ ಹೇಳಿ ಬರುವುದಿಲ್ಲ. ಆದರೆ ಸಮುದ್ರದ ಮೇಲೆ ಹುಟ್ಟುವ ಚಂಡಮಾರುತವು ಮಾತ್ರ ನಾಲ್ಕಾರು ದಿನ ಮುಂಚಿತವಾಗಿಯೇ ಸುದ್ದಿಯನ್ನು ಕಳುಹಿಸಿ, ದಾರಿಯಲ್ಲಿ ತಡೆಯುತ್ತ, ತಿರುಗುತ್ತ, ಬಲವನ್ನು ಕೂಡಿಸಿಕೊಳ್ಳುತ್ತ ಬರುವಂಥದು. ಬರುವ ಅತಿಥಿಯ ಹೆಸರೂ ಗೊತ್ತು, ನಡೆಯ ವೇಗವೂ ಗೊತ್ತು. ಯಾರ ಮನೆಯ ಬಾಗಿಲಿಗೆ ಬರುವನೆಂಬುದೊಂದು ಮಾತ್ರ ಗೊತ್ತಿಲ್ಲ. ಈ ನಾಲ್ಕಾರು ದಿನಗಳನ್ನು ಒಂದು ಸಂಸಾರವು ಹೇಗೆ ಕಳೆಯುವುದೆಂಬ ವಿಷಯವು ನಮಗೆ ಗಾಳಿಯ ಆರ್ಭಟಕ್ಕಿಂತಲೂ ಹೆಚ್ಚು ವಿಚಾರಾರ್ಹವಾಗಿ ಕಂಡುದರಿಂದ, ಅಮೆರಿಕಾ ದೇಶದ ನ್ಯೂ ಆರ್ಲಿಯನ್ಸ್ ನಗರದ ಅನುಭವವನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಅಟ್ಲಾಂಟಿಕ್ ಸಾಗರದ ಕಡೆಯವರು ಈ ಗಾಳಿಯನ್ನು ‘ಹರಿಕೇನ್’ ಎನ್ನುವರು. ಇದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತು. ಸ್ಪೇನಿನವರ ಬಾಯಿಂದ ಇಂಗ್ಲಿಷಿಗೆ ಬಂದಿತು. ನಮ್ಮ ಕಡೆ ರೂಢಿಯಲ್ಲಿರುವ ‘ಸೈಕ್ಲೋನ್’ ಎಂಬ ಹೆಸರಾದರೋ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ವಿದ್ವಾಂಸನು 1848ರಲ್ಲಿ ಹುಟ್ಟಿಸಿದ್ದು. ಹೆಸರು ಎರಡಾದರೂ ಗಾಳಿ ಒಂದೇ. ಘಂಟೆಗೆ 74 ಮೈಲಿಯ ವೇಗವನ್ನು ಮುಟ್ಟಿದರೆ ಅದಕ್ಕೆ ಹರಿಕೇನ್ ಎಂಬ ಪಟ್ಟ. ಐದು ದರ್ಜೆಗಳಲ್ಲಿ ಮೂರನೆಯದನ್ನು, ಅಂದರೆ 111 ಮೈಲಿಯನ್ನು, ಮುಟ್ಟಿದರೆ ‘ಮಹಾ’ ಎಂಬ ವಿಶೇಷಣವೂ ಸೇರುವುದು. ನಮ್ಮ ಮಂಗಳೂರು, ಉಡುಪಿ, ಕಾರವಾರದ ಕಡಲತೀರದ ವಾಚಕರು 2021ರ ಮೇ ತಿಂಗಳಲ್ಲಿ ‘ತೌಕ್ತೆ’ಯು ದಡದ ಪಕ್ಕದಲ್ಲಿಯೇ ಹಾದುಹೋದಾಗ ಇದರ ಒಂದಂಶವನ್ನು ಕಂಡೇ ಇದ್ದಾರೆ.

ನ್ಯೂ ಆರ್ಲಿಯನ್ಸ್ ನಗರವನ್ನು ಫ್ರೆಂಚರು 1718ರಲ್ಲಿ ಸ್ಥಾಪಿಸಿದರು. ಒಂದು ಕಡೆ ಮಿಸಿಸಿಪಿ ಮಹಾನದಿ, ಇನ್ನೊಂದು ಕಡೆ ಪಾಂಚರ್ಟ್ರೇನ್ ಎಂಬ ದೊಡ್ಡ ಸರೋವರ. ನಡುವೆ ಬೋಗುಣಿಯಂತೆ ತಗ್ಗಾಗಿರುವ ನೆಲ. ಊರಿನ ಅರ್ಧದಷ್ಟು ಭಾಗವು ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ಸುತ್ತಲೂ ಏರಿಗಳನ್ನು ಕಟ್ಟಿ ನೀರನ್ನು ಹೊರಗೆ ತಡೆದಿದ್ದಾರೆ. ಒಳಗೆ ಬಿದ್ದ ಮಳೆಯು ತಾನಾಗಿ ಹರಿದುಹೋಗಲಾರದು. ಅದನ್ನು ಭಾರಿ ಯಂತ್ರಗಳಿಂದ ಎತ್ತಿ ಕಾಲುವೆಗಳ ಮೂಲಕ ಸರೋವರಕ್ಕೆ ಸುರಿಯಬೇಕು. ನಮ್ಮ ಹಳ್ಳಿಗಳಲ್ಲಿ ಕೆರೆಯ ಏರಿಯ ಕೆಳಗಣ ಗದ್ದೆಯವನಿಗೆ ಇರುವ ಆತಂಕವೇ ಅಲ್ಲಿ ಇಡೀ ನಗರಕ್ಕೆ ಇದೆಯೆನ್ನಬಹುದು. ಗಾಳಿಯಿಂದ ಹಾರುವ ಹೆಂಚಿಗಿಂತ, ಗಾಳಿಯು ತಳ್ಳಿಕೊಂಡು ಬರುವ ಕಡಲುಬ್ಬರವೇ ಅಲ್ಲಿಯವರ ನಿಜವಾದ ಶತ್ರು.

ಜೂನ್ ಒಂದರಿಂದ ನವೆಂಬರ್ ಕೊನೆಯವರೆಗೆ ಅಲ್ಲಿ ಬಿರುಗಾಳಿಯ ಕಾಲ. ಕಾಲದ ಆರಂಭದಲ್ಲಿ ದಿನಸಿ ಅಂಗಡಿಯವರೂ ವೃತ್ತಪತ್ರಿಕೆಗಳವರೂ ಅಕ್ಷಾಂಶ ರೇಖಾಂಶಗಳ ಚೌಕಗಳನ್ನು ಬಿಡಿಸಿದ ಸಮುದ್ರದ ನಕ್ಷೆಯೊಂದನ್ನು ಬಿಟ್ಟಿಯಾಗಿ ಹಂಚುವುದು ಬಹುಕಾಲದ ರೂಢಿಯಾಗಿದ್ದಿತು. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರವು ಆರು ಘಂಟೆಗಳಿಗೊಮ್ಮೆ, ಗಾಳಿಯು ದಡದ ಹತ್ತಿರ ಬಂದಂತೆ ಮೂರು ಘಂಟೆಗಳಿಗೊಮ್ಮೆ, ಪ್ರಕಟಣೆಯನ್ನು ಹೊರಡಿಸುವುದು. ಅದನ್ನು ಕೇಳಿ ಮನೆಯ ಯಜಮಾನನೋ ಶಾಲೆಗೆ ಹೋಗುವ ಮಗಳೋ ನಕ್ಷೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು ಹಿಂದಿನ ಚುಕ್ಕೆಗೆ ಗೆರೆ ಎಳೆಯುವರು. ಈಗ ಆ ಕೆಲಸವನ್ನು ಕೈಯಲ್ಲಿನ ದೂರವಾಣಿಯೇ ಮಾಡುತ್ತದೆ. ಆದರೂ ರಾತ್ರಿ ಹತ್ತರ ಪ್ರಕಟಣೆಯನ್ನು ನೋಡದೆ ಮಲಗುವವರು ಇಂದಿಗೂ ವಿರಳ.

ಪ್ರಕಟಣೆಯ ನಕ್ಷೆಯಲ್ಲಿ ಶಂಕುವಿನಾಕಾರದ ಬಿಳಿಯ ಪಟ್ಟೆಯೊಂದು ಇರುವುದು. ಗಾಳಿಯ ಕೇಂದ್ರವು ಈ ಪಟ್ಟೆಯೊಳಗೆ ಸಾಗುವ ಸಂಭವವು ಮೂರರಲ್ಲಿ ಎರಡು ಪಾಲು ಎಂಬುದಷ್ಟೇ ಅದರ ಅರ್ಥ. ಪಟ್ಟೆಯ ಹೊರಗಿನವರು ಕ್ಷೇಮವೆಂದಾಗಲಿ, ನಡುಗೆರೆಯ ಮೇಲಿನವರಿಗೇ ಪೆಟ್ಟು ನಿಶ್ಚಯವೆಂದಾಗಲಿ ಅದು ಹೇಳುವುದಿಲ್ಲ. ಆದರೆ ಮನುಷ್ಯರ ಕಣ್ಣು ಗೆರೆಯನ್ನೇ ಹುಡುಕುವುದು. ಯಂತ್ರಗಳ ಲೆಕ್ಕಕ್ಕಿಂತ ಪರಿಚಿತ ಮುಖದ ಮಾತನ್ನೇ ನಂಬುವುದೂ ಮನುಷ್ಯಸ್ವಭಾವವೇ. ನ್ಯಾಶ್ ರಾಬರ್ಟ್ಸ್ ಎಂಬ ಹವಾಮಾನಜ್ಞರು ಸುಮಾರು ಅರ್ಧಶತಮಾನ ಆ ಊರಿನ ದೂರದರ್ಶನದಲ್ಲಿ, ಇತರರೆಲ್ಲರೂ ಗಣಕಯಂತ್ರದ ಬಣ್ಣದ ಚಿತ್ರಗಳಿಗೆ ಹೋದ ಮೇಲೂ, ದಪ್ಪ ಮಸಿಯ ಲೇಖನಿಯಿಂದ ಗೆರೆಗಳನ್ನೆಳೆದು ಗಾಳಿಯ ದಾರಿಯನ್ನು ಹೇಳುತ್ತಿದ್ದರು. 1998ರಲ್ಲಿ ‘ಜಾರ್ಜಸ್’ ಬಂದಾಗ, ಅದು ನಮ್ಮನ್ನು ಬಿಟ್ಟು ಪೂರ್ವಕ್ಕೆ ಹೋಗುವುದೆಂದು ಅವರು ಹೇಳಿದಂತೆಯೇ ಆಯಿತು. ನ್ಯಾಶ್ ಏನೆಂದರು ಎಂದು ಅಕ್ಕಪಕ್ಕದವರು ಪರಸ್ಪರ ವಿಚಾರಿಸಿಕೊಂಡು ಹೊರಡುವುದನ್ನೋ ಉಳಿಯುವುದನ್ನೋ ನಿಶ್ಚಯಿಸುತ್ತಿದ್ದರಂತೆ. 2001ರಲ್ಲಿ ಅವರು ನಿವೃತ್ತರಾದರು.

ಇನ್ನು ನಾಲ್ಕೇ ವರ್ಷಗಳಲ್ಲಿ ‘ಕತ್ರೀನಾ’ ಬಂದಿತು.

2005ರ ಆಗಸ್ಟ್ 23ರಂದು ಬಹಾಮಾ ದ್ವೀಪಗಳ ಮೇಲೆ ಹುಟ್ಟಿದ ಈ ಗಾಳಿಯು 25ರ ಸಂಜೆ ಫ್ಲಾರಿಡಾವನ್ನು ದಾಟಿ ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ನೀರಿಗಿಳಿಯಿತು. 26ರಂದು ಶುಕ್ರವಾರದ ಹಗಲು, ಅದು ಮತ್ತೆ ಫ್ಲಾರಿಡಾದ ಕಡೆಗೇ ತಿರುಗುವುದೆಂಬ ಎಣಿಕೆಯಿದ್ದಿತು. ಆ ದಿನ ಸಂಜೆಯ ಹೊತ್ತಿಗೆ ಗೆರೆಯು ಪಶ್ಚಿಮಕ್ಕೆ, ಮಿಸಿಸಿಪಿಯ ದಡಕ್ಕೆ ಸರಿಯಿತು. ರಾತ್ರಿಗೆ ಇನ್ನೂ ಸರಿದು ನ್ಯೂ ಆರ್ಲಿಯನ್ಸಿನ ಮಗ್ಗುಲಿಗೆ ಬಂದಿತು. ಶುಕ್ರವಾರ ಮಧ್ಯಾಹ್ನದ ಸುದ್ದಿಯನ್ನು ಕೇಳಿ ನಿಶ್ಚಿಂತೆಯಿಂದ ಮಲಗಿದವನಿಗೆ ಶನಿವಾರ ಬೆಳಿಗ್ಗೆ ಎದ್ದಾಗ ಉಳಿದಿದ್ದುದು ಎರಡೇ ಹಗಲು.

ಆ ಎರಡು ಹಗಲುಗಳಲ್ಲಿ ಮನೆಗೆಲಸವೆಂಬುದು ತಲೆಕೆಳಗಾಗುವುದು. ಗಂಡಸರು ಪ್ಲೈವುಡ್ಡಿನ ಹಲಗೆಗಳನ್ನು ಕಿಟಕಿಗಳಿಗೆ ಜಡಿಯುವರು. (ಗಾಜಿಗೆ ಅಂಟುಪಟ್ಟಿಯನ್ನು ಅಡ್ಡಡ್ಡವಾಗಿ ಹಚ್ಚುವ ಹಳೆಯ ಪದ್ಧತಿಯಿಂದ ಏನೂ ಪ್ರಯೋಜನವಿಲ್ಲ, ಗಾಜು ಒಡೆದರೆ ಚೂರುಗಳು ಇನ್ನೂ ದೊಡ್ಡವಾಗಿ ಹಾರುವುವೆಂದು ತಜ್ಞರು ಎಚ್ಚರಿಸಿದರೂ ಅದನ್ನು ಬಿಡದವರಿದ್ದಾರೆ.) ಗೃಹಿಣಿಯರು ಸ್ನಾನದ ತೊಟ್ಟಿಯನ್ನು ಉಜ್ಜಿ ತೊಳೆದು ನೀರು ತುಂಬಿಡುವರು; ಶೈತ್ಯಪೆಟ್ಟಿಗೆಯಲ್ಲಿನ ಖಾಲಿ ಜಾಗಗಳಲ್ಲೆಲ್ಲ ನೀರಿನ ಬುಡ್ಡಿಗಳನ್ನಿಟ್ಟು ಮಂಜುಗಡ್ಡೆ ಮಾಡುವರು. ಬ್ಯಾಟರಿ, ಮೇಣದಬತ್ತಿ, ಡಬ್ಬಿಯಲ್ಲಿನ ಆಹಾರ, ಡಬ್ಬಿಯನ್ನು ತೆರೆಯಲು ಕೈಯಿಂದ ತಿರುಗಿಸುವ ಸಲಕರಣೆ, ಔಷಧಿ, ಮಗುವಿನ ಹಾಲಿನ ಪುಡಿ, ಮನೆಯ ಕಾಗದಪತ್ರಗಳು, ಮದುವೆಯ ಚಿತ್ರಗಳು, ಇವು ಒಂದೊಂದಾಗಿ ಕೂಡುವುವು. ಪೆಟ್ರೋಲು ಅಂಗಡಿಗಳ ಮುಂದೆ ಸಾಲು. ಮೊದಲು ಮುಗಿಯುವುದು ರೊಟ್ಟಿ ಮತ್ತು ಕುಡಿಯುವ ನೀರು.

ಹೊರಡಬೇಕೆ, ಉಳಿಯಬೇಕೆ? ಆ ರಾತ್ರಿ ಮನೆಮನೆಯಲ್ಲಿಯೂ ಇದೇ ಚರ್ಚೆ. ಹಿಂದಿನ ವರ್ಷದ ನೆನಪು ಎಲ್ಲರಿಗೂ ಹಸಿಯಾಗಿದ್ದಿತು. 2004ರ ಸೆಪ್ಟೆಂಬರಿನಲ್ಲಿ ‘ಐವಾನ್’ ಬರುವುದೆಂದು ಲಕ್ಷಗಟ್ಟಲೆ ಜನ ಒಮ್ಮೆಗೇ ಹೊರಟು, ಒಂದೂವರೆ ಘಂಟೆಯಲ್ಲಿ ಮುಟ್ಟುವ ಬ್ಯಾಟನ್ ರೂಜಿಗೆ ಹೋಗುವುದರಲ್ಲಿ ಇಡೀ ಹಗಲನ್ನು ರಸ್ತೆಯ ಮೇಲೆ ಬಿಸಿಲಿನಲ್ಲಿ ಕಳೆದರು. ಗಾಳಿಯಾದರೋ ಅಲಬಾಮಾದ ಕಡೆಗೆ ಹೋಯಿತು. ಹೀಗೆ ಒಮ್ಮೆ ಸುಮ್ಮನೆ ಅಲೆದುಬಂದವನು ಎರಡನೆಯ ಬಾರಿ ಹಿಂದೆಗೆದರೆ ಅವನನ್ನು ಮೂರ್ಖನೆನ್ನುವುದು ನ್ಯಾಯವಲ್ಲ. ಹೋಟೆಲಿಗೆ ಹಣ ಬೇಕು, ಕೆಲಸದಿಂದ ರಜೆ ಬೇಕು. ಅದೋ ತಿಂಗಳ ಕೊನೆಯ ವಾರ. ಬಡವರ ಕೈ ಬರಿದಾಗಿರುವ ಕಾಲ. ಊರಿನ ಸಂಸಾರಗಳಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚಿಗೆ ಮೋಟಾರು ಗಾಡಿಯೇ ಇರಲಿಲ್ಲ. ಅವರನ್ನು ಊರಿನ ಹೊರಗೆ ಸಾಗಿಸುವುದಕ್ಕೆ ಸಾಕಷ್ಟು ಏರ್ಪಾಡೂ ಇರಲಿಲ್ಲ.

ಐವಾನಿನಿಂದ ಅಧಿಕಾರಿಗಳು ಒಂದು ಪಾಠವನ್ನು ಕಲಿತಿದ್ದರು. ಶನಿವಾರ ಸಂಜೆ ನಾಲ್ಕರಿಂದ ಹೆದ್ದಾರಿಗಳ ಎರಡು ಬದಿಗಳನ್ನೂ ಊರಿನಿಂದ ಹೊರಗೆ ಹೋಗುವವರಿಗೇ ಬಿಟ್ಟುಕೊಟ್ಟರು. ಅದರಿಂದ ಆ ಪ್ರಾಂತದ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನರು ಪಾರಾದರು. ಇದು ಸಾಮಾನ್ಯ ಕಾರ್ಯವಲ್ಲ. ಮುಂದಿನ ದುರಂತದ ಗದ್ದಲದಲ್ಲಿ ಇದನ್ನು ನೆನೆಯುವವರು ಕಡಮೆಯೆಂದು ನಮಗೆ ತೋರುವುದು. ಆ ರಾತ್ರಿ ಹರಿಕೇನ್ ಕೇಂದ್ರದ ನಿರ್ದೇಶಕರಾದ ಮ್ಯಾಕ್ಸ್ ಮೇಫೀಲ್ಡರು ನಗರದ ಮೇಯರಾದ ರೇ ನೇಗಿನ್ನರಿಗೆ ತಾವಾಗಿಯೇ ದೂರವಾಣಿಯಲ್ಲಿ ಮಾತನಾಡಿ ಅಪಾಯವನ್ನು ತಿಳಿಸಿದರು. ಎಲ್ಲರೂ ಊರನ್ನು ಬಿಡಲೇಬೇಕೆಂಬ ಆಜ್ಞೆಯು ಹೊರಟುದು ಭಾನುವಾರ ಬೆಳಿಗ್ಗೆ. ಆ ವೇಳೆಗೆ ಗಾಳಿಯು ಐದನೆಯ ದರ್ಜೆಗೇರಿ ಘಂಟೆಗೆ 175 ಮೈಲಿಯ ವೇಗವನ್ನು ಮುಟ್ಟುತ್ತಲಿದ್ದಿತು. ಸ್ವಲ್ಪ ಹೊತ್ತಿನಲ್ಲಿಯೇ ಸ್ಲೈಡೆಲ್ಲಿನ ಹವಾಮಾನ ಕಛೇರಿಯಿಂದ, ಈ ಪ್ರಾಂತದಲ್ಲಿ ವಾರಗಟ್ಟಲೆ ವಾಸಮಾಡಲಾಗದು, ಮನೆಗಳ ಮಾಡುಗಳು ಹಾರಿಹೋಗುವುವು, ಕುಡಿಯುವ ನೀರಿಗೂ ಹಾಹಾಕಾರವಾಗುವುದು ಎಂಬ ಅರ್ಥದ ಪ್ರಕಟಣೆ ಬಂದಿತು. ಅದನ್ನು ಬರೆದ ರಾಬರ್ಟ್ ರಿಕ್ಸ್ ಎಂಬವರು ಆ ಊರಿನವರೇ. ಸರಕಾರದ ಶುಷ್ಕ ಭಾಷೆಗೆ ಒಗ್ಗಿಹೋದ ಕಿವಿಗಳಿಗೆ ಆ ಮಾತು ಸಿಡಿಲಿನಂತೆ ಕೇಳಿಸಿತು; ಅದನ್ನು ಕೇಳಿಯೇ ಎದ್ದು ಹೊರಟವರೂ ಉಂಟು.

ಉಳಿದವರಲ್ಲಿ ಸುಮಾರು ಹತ್ತು ಸಾವಿರ ಜನ ಅಂದು ರಾತ್ರಿಯ ವೇಳೆಗೆ ಸೂಪರ್‌ಡೋಮ್ ಎಂಬ ಆಟದ ಭವನವನ್ನು ಸೇರಿದರು. ನಾಯಿ ಬೆಕ್ಕುಗಳನ್ನು ಒಳಗೆ ಬಿಡುತ್ತಿರಲಿಲ್ಲವಾದಕಾರಣ ಅವುಗಳೊಡನೆಯೇ ಮನೆಯಲ್ಲಿ ಉಳಿದವರು ಅನೇಕರು. ಒಂಟಿಯಾಗಿ ಬಾಳುತ್ತಿದ್ದ ಮುದುಕಿಗೆ ಬೆಕ್ಕು ಎಂದರೆ ಸಂಸಾರವೇ ಎಂಬುದನ್ನು ಕಾನೂನು ಅರಿತುಕೊಂಡುದು ಮಾರನೆಯ ವರ್ಷ. 2006ರ ಶಾಸನದ ಪ್ರಕಾರ ಸ್ಥಳಾಂತರದ ಏರ್ಪಾಡುಗಳಲ್ಲಿ ಸಾಕುಪ್ರಾಣಿಗಳನ್ನೂ ಗಣಿಸಬೇಕು.

ಮನೆಯಲ್ಲಿ ಉಳಿದ ಹಿರಿಯರು ಮಾಡಿದ ಒಂದು ಸಿದ್ಧತೆಯನ್ನು ಹೇಳದೆ ಬಿಡಲಾಗದು. 1965ರ ಸೆಪ್ಟೆಂಬರಿನ ‘ಬೆಟ್ಸಿ’ಯಲ್ಲಿ ನೀರು ಏರಿದಾಗ ಜನ ಅಟ್ಟವನ್ನೇರಿದರು, ಅಟ್ಟಕ್ಕೂ ನೀರು ಬಂದಾಗ ಮಾಡನ್ನು ಒಡೆಯಲು ಸಾಧನವಿಲ್ಲದೆ ಅಲ್ಲಿಯೇ ಸತ್ತವರಿದ್ದರು. ಅಂದಿನಿಂದ ಅಟ್ಟದ ಮೇಲೆ ಕೊಡಲಿಯೊಂದನ್ನು ಇಡುವುದು ಆ ಊರಿನ ತಗ್ಗು ಬಡಾವಣೆಗಳಲ್ಲಿ ಮನೆತನದ ಪದ್ಧತಿಯಾಯಿತು. ಅಜ್ಜನಿಂದ ಮೊಮ್ಮಗನಿಗೆ ಬಂದ ಆ ಕೊಡಲಿಯು 2005ರಲ್ಲಿ ಎಷ್ಟೋ ಪ್ರಾಣಗಳನ್ನು ಉಳಿಸಿತು. ಆದರೆ ಹಳೆಯ ನೆನಪು ಎಲ್ಲ ಕಡೆಯೂ ರಕ್ಷಕವಾಗಲಿಲ್ಲ. ಪಕ್ಕದ ಮಿಸಿಸಿಪಿಯ ದಡದಲ್ಲಿ 1969ರ ‘ಕ್ಯಾಮಿಲ್’ ಎಂಬ ಘೋರ ಗಾಳಿಗೂ ಜಗ್ಗದೆ ನಿಂತ ಮನೆಗಳಿದ್ದುವು. ಅಂದು ನೀರು ಬಾರದ ಮನೆಗೆ ಇಂದೂ ಬಾರದೆಂದು ನಂಬಿ ಕುಳಿತವರ ಮೇಲೆ, ಪಾಸ್ ಕ್ರಿಶ್ಚಿಯನ್ ಎಂಬಲ್ಲಿ, ಸುಮಾರು 28 ಅಡಿಗಳ ಕಡಲುಬ್ಬರವು ಬಂದಿತು. ಕ್ಯಾಮಿಲ್ ಹೆಚ್ಚು ಜನರನ್ನು ಕೊಂದುದು ತಾನು ಬಂದ ವರ್ಷದಲ್ಲಲ್ಲ, 2005ರಲ್ಲಿ ಎಂದು ಅಲ್ಲಿಯವರು ಆಡಿಕೊಳ್ಳುವುದುಂಟು.

ಸೋಮವಾರ 29ರಂದು ಬೆಳಿಗ್ಗೆ ಆರು ಘಂಟೆಯ ಸುಮಾರಿಗೆ ಗಾಳಿಯು ಬ್ಯುರಾಸ್ ಎಂಬಲ್ಲಿ ದಡವನ್ನು ಹತ್ತಿತು. ವೇಗವು 125 ಮೈಲಿಗೆ ಇಳಿದಿದ್ದಿತು. ಗೆರೆಯೂ ನಗರದ ಸ್ವಲ್ಪ ಪೂರ್ವಕ್ಕೆ ಸರಿದಿದ್ದಿತು. ಬದುಕಿದೆವೆಂದು ನಿಟ್ಟುಸಿರುಬಿಟ್ಟವರಿಗೆ ಮಧ್ಯಾಹ್ನ ಬೀದಿಯಲ್ಲಿ ನೀರು ಏರುತ್ತಿರುವುದು ಕಂಡಿತು. ಕಾಲುವೆಗಳ ಏರಿಗಳೂ ಗೋಡೆಗಳೂ ಒಡೆದಿದ್ದುವು. ಅವುಗಳಲ್ಲಿ ಎರಡು ಕಾಲುವೆಗಳ ಗೋಡೆಗಳು ನೀರು ಮೇಲೆ ಹರಿಯುವುದಕ್ಕೆ ಮೊದಲೇ ಕುಸಿದುವು. ಕಟ್ಟುವ ಲೆಕ್ಕದಲ್ಲಿಯೇ ದೋಷವಿದ್ದಿತೆಂಬುದನ್ನು ಕಟ್ಟಿದ ಸೇನಾ ಎಂಜಿನಿಯರುಗಳ ದಳವು ಮರುವರ್ಷ ಒಪ್ಪಿಕೊಂಡಿತು. ನಗರದ ನೂರಕ್ಕೆ 80 ಪಾಲು ಮುಳುಗಿತು. ನೀರನ್ನು ಪೂರ್ತಿಯಾಗಿ ಹೊರಹಾಕುವಾಗ ಅಕ್ಟೋಬರ್ 11 ಆಯಿತು. ಸತ್ತವರು 1,800ಕ್ಕೆ ಮೇಲೆಂದು ಬಹುಕಾಲ ಹೇಳುತ್ತಿದ್ದರು. 2023ರಲ್ಲಿ ಹರಿಕೇನ್ ಕೇಂದ್ರವು ಲೆಕ್ಕವನ್ನು ತಿದ್ದಿ 1,392 ಎಂದಿತು. ಲೂಯಿಸಿಯಾನಾದಲ್ಲಿ ಸತ್ತವರ ಅರ್ಧದಷ್ಟು ಜನ 75 ವರ್ಷ ದಾಟಿದವರು. ಈ ಒಂದು ಅಂಕಿಯನ್ನು, ಮನೆಯಲ್ಲಿ ವೃದ್ಧರಿರುವ ವಾಚಕರು ಎರಡು ಬಾರಿ ಓದಬೇಕೆಂದು ಕೋರುತ್ತೇವೆ.

ತಿಂಗಳುಗಳ ಮೇಲೆ ಮರಳಿಬಂದ ಗೃಹಿಣಿಯರು ಮೊದಲು ಎದುರಿಸಿದುದು ಶೈತ್ಯಪೆಟ್ಟಿಗೆಯನ್ನು. ವಿದ್ಯುತ್ತಿಲ್ಲದೆ ಕೊಳೆತ ಮಾಂಸ ಮೀನುಗಳ ಆ ಪೆಟ್ಟಿಗೆಯನ್ನು ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬಾಗಿಲಿಗೆ ಅಂಟುಪಟ್ಟಿಯನ್ನು ಸುತ್ತಿ ಬೀದಿಯ ಅಂಚಿಗೆ ತಳ್ಳಿದರು. ಬೀದಿ ಬೀದಿಗಳಲ್ಲಿ ಬಿಳಿಯ ಪೆಟ್ಟಿಗೆಗಳ ಸಾಲು ನಿಂತಿತು. ಅವುಗಳ ಮೇಲೆ ಜನರು ಅಧಿಕಾರಿಗಳನ್ನು ಕುರಿತು ಹಾಸ್ಯದ ಮಾತುಗಳನ್ನು ಬರೆದರು.

ಈಗ ಊರಿನ ಸುತ್ತ ಸುಮಾರು 1,450 ಕೋಟಿ ಡಾಲರುಗಳ ವೆಚ್ಚದಲ್ಲಿ ಹೊಸ ಏರಿಗಳೂ ತೂಬುಗಳೂ ಎದ್ದಿವೆ. ಗಾಡಿಯಿಲ್ಲದವರನ್ನು ಹೊರಗೆ ಸಾಗಿಸಲು 17 ಸ್ಥಳಗಳನ್ನು ಗೊತ್ತುಮಾಡಿ, ಓದುಬಾರದವನಿಗೂ ತಿಳಿಯುವಂತೆ, ಕೈಯೆತ್ತಿ ಗಾಡಿಯನ್ನು ಕರೆಯುತ್ತಿರುವ ಮನುಷ್ಯಾಕೃತಿಯ ಎತ್ತರವಾದ ಉಕ್ಕಿನ ಪ್ರತಿಮೆಗಳನ್ನು 2013ರಲ್ಲಿ ನಿಲ್ಲಿಸಿದ್ದಾರೆ.

ಆದರೂ ಗಾಳಿಯು ಕಲಿಸುವುದನ್ನು ಮುಗಿಸಿರಲಿಲ್ಲ. 2021ರ ಆಗಸ್ಟಿನಲ್ಲಿ ‘ಐಡಾ’ ಬಂದಿತು. ದಡ ಹತ್ತಿದುದು ಅದೇ 29ನೆಯ ತಾರೀಖು, 150 ಮೈಲಿಯ ವೇಗದಲ್ಲಿ. ಗುರುವಾರ ಹುಟ್ಟಿ ಭಾನುವಾರ ಮುಟ್ಟಿದ ಇದರ ಅವಸರದಿಂದಾಗಿ ಊರನ್ನು ಬಿಡಿಸುವ ಆಜ್ಞೆಗೂ ಹೆದ್ದಾರಿಗಳನ್ನು ತಿರುಗಿಸುವುದಕ್ಕೂ ಸಮಯವೇ ಸಿಗಲಿಲ್ಲ. ಏರಿಗಳು ನಿಂತುವು, ನೀರು ಬರಲಿಲ್ಲ. ಆದರೆ ಊರಿಗೆ ವಿದ್ಯುತ್ತನ್ನು ತರುವ ಎಂಟು ಮಾರ್ಗಗಳೂ ಕಡಿದುವು. ಆಗಸ್ಟಿನ ಬೇಗೆಯಲ್ಲಿ, ಬೀಸಣಿಗೆಯ ಗಾಳಿಯೂ ಇಲ್ಲದ ಕೋಣೆಗಳಲ್ಲಿ ಹಲವರು ವೃದ್ಧರು ಸತ್ತರು. ಮನೆಯೊಳಗೋ ಕಿಟಕಿಯ ಬಳಿಯಲ್ಲಿಯೋ ವಿದ್ಯುದ್ಯಂತ್ರವನ್ನಿಟ್ಟು ಅದರ ವಿಷದ ಹೊಗೆಯಿಂದ ಸತ್ತವರೂ ಉಂಟು. ಉಳಿದ ಬೀದಿಗಳಲ್ಲಿ, ಮಂಜು ಕರಗತೊಡಗಿದ ಪೆಟ್ಟಿಗೆಗಳಿಂದ ಸಿಗಡಿ, ಮೀನು, ಮಾಂಸಗಳನ್ನು ಹೊರಗೆ ತೆಗೆದು, ಅನಿಲದ ಒಲೆಯುಳ್ಳವರು ಅಂಗಳದಲ್ಲಿಯೇ ಬೇಯಿಸಿ, ಕೆಡುವುದಕ್ಕೆ ಮುಂಚೆ ನೆರೆಹೊರೆಯವರಿಗೆಲ್ಲ ಬಡಿಸಿದರು.